ಸುಟ್ಟ ಅರಮನೆ, ಕುಸಿದ ಕಟ್ಟಡ: ಮೈಸೂರು ಹೇಳುವ ಪಾಠ

ಭಾನುವಾರ ಸಂಜೆ ಏಳು ಗಂಟೆ. ಮೈಸೂರು ಅರಮನೆಯ ಮುಂದೆ ಸಾವಿರಾರು ಜನ ಕತ್ತೆತ್ತಿಕೊಂಡು ನಿಂತಿದ್ದರು. ಸಂಕ್ರಾಂತಿ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗಳು ನನ್ನ ಕೈಹಿಡಿದು ನಿಂತಿದ್ದಳು. ಎಂಟನೇ ತರಗತಿಯ ಹುಡುಗಿ. ಒಮ್ಮೆಲೇ ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿಕೊಂಡವು. ಗುಂಪಿನಿಂದ ‘ಓಹ್’ ಎಂಬ ಉದ್ಗಾರ. ಎಲ್ಲರೂ ಫೋಟೋ ತೆಗೆಯುವುದರಲ್ಲಿ ಮಗ್ನರಾಗಿದ್ದರೆ ಇವಳು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

‘ತಾತ, ಇಷ್ಟೊಂದು ದೀಪ ಹಚ್ಚಿದ್ರೆ ಅರಮನೆಗೆ ಬೆಂಕಿ ಬೀಳಲ್ವಾ?’

ಪಕ್ಕದಲ್ಲಿದ್ದ ಹೆಂಗಸೊಬ್ಬರು ‘ಬಿಡ್ತು ಅನ್ನಮ್ಮ’ ಎಂದರು. ನಾನು ಮಾತ್ರ, ‘ಬಿದ್ದಿತ್ತು ಪುಟ್ಟಿ. ಅದಕ್ಕೇ ಈ ಅರಮನೆ ಇಲ್ಲಿರೋದು’ ಎಂದೆ.

ಪ್ರವಾಸಿಗರಿಗೆ ಮೈಸೂರು ಎಂದರೆ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿ ಇದೇ ಊರಿನಲ್ಲಿ ನೆಲೆಸಿರುವ ನನಗೆ ಈ ಊರು ಇನ್ನೊಂದು ರೀತಿಯಲ್ಲೂ ಕಾಣುತ್ತದೆ. ಇಲ್ಲಿ ಬೆಂಕಿ ಬಿದ್ದಿದೆ, ರೋಗ ಬಂದಿದೆ, ಕಟ್ಟಡ ಕುಸಿದಿದೆ. ಕೆಲವು ಬಾರಿ ಊರು ಪಾಠ ಕಲಿತಿದೆ, ಕೆಲವು ಬಾರಿ ಕಲಿತಿಲ್ಲ. ಎರಡರ ಗುರುತುಗಳೂ ನಾಲ್ಕಾರು ಕಿಲೋಮೀಟರಿನೊಳಗೆ ಸಿಗುತ್ತವೆ. ಮರುದಿನ ಮೊಮ್ಮಗಳನ್ನು ಕರೆದುಕೊಂಡು ಆ ದಾರಿಯಲ್ಲೇ ಸುತ್ತಿಬಂದೆ. ಮಕ್ಕಳನ್ನು ಮೈಸೂರಿಗೆ ಕರೆತರುವ ತಂದೆ ತಾಯಿಯರೂ ಒಮ್ಮೆ ಈ ದಾರಿ ಹಿಡಿಯಬಹುದು.

ಮದುವೆಮನೆಯ ಬೆಂಕಿ

ಈಗಿರುವ ಅರಮನೆಯ ಜಾಗದಲ್ಲಿ ಮೊದಲಿದ್ದದ್ದು ಮರದ ಅರಮನೆ. 1799ರಲ್ಲಿ ಟಿಪ್ಪುವಿನ ಪತನವಾದ ಬಳಿಕ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆತುರಾತುರವಾಗಿ ಕಟ್ಟಿದ್ದು. ಮರದ ಕಂಬ, ಮರದ ತೊಲೆ, ಮರದ ಅಟ್ಟ. ನೋಡಲು ಸೊಗಸು, ಕಟ್ಟಲು ಬೇಗ. ಸುಮಾರು ತೊಂಬತ್ತು ವರ್ಷ ಅದು ನಿಂತಿತ್ತು.

1897ರ ಫೆಬ್ರವರಿ. ಅರಮನೆಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ. ತಂದೆ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ತೀರಿಕೊಂಡಿದ್ದರು. ಮಗ ಕೃಷ್ಣರಾಜರಿಗೆ ಇನ್ನೂ ಹದಿಮೂರು ತುಂಬಿರಲಿಲ್ಲ. ರಾಜ್ಯಭಾರ ರೀಜೆಂಟರಾದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರದು. ದಿವಾನರು ಕೆ. ಶೇಷಾದ್ರಿ ಅಯ್ಯರ್. ಎರಡು ವರ್ಷದ ಹಿಂದೆಯಷ್ಟೇ ಸಾವು ಕಂಡಿದ್ದ ಮನೆಗೆ ಸಂಭ್ರಮ ಮರಳಿತ್ತು. ಆ ಸಂಭ್ರಮದ ನಡುವೆಯೇ ಬೆಂಕಿ ಬಿದ್ದು ಅರಮನೆ ಸುಟ್ಟುಹೋಯಿತು.

ಕಿಡಿ ಎಲ್ಲಿ ಹೊತ್ತಿತು ಎನ್ನುವುದಕ್ಕಿಂತ ಬೆಂಕಿ ಅಷ್ಟು ಬೇಗ ಏಕೆ ಹಬ್ಬಿತು ಎನ್ನುವುದನ್ನು ಮಕ್ಕಳು ಯೋಚಿಸಬೇಕು. ಮೈಸೂರಿಗೆ ವಿದ್ಯುತ್ ದೀಪ ಬಂದದ್ದು 1908ರಲ್ಲಿ. ಅಲ್ಲಿಯವರೆಗೆ ದೀಪವೆಂದರೆ ಎಣ್ಣೆಯ ಉರಿ. ಮದುವೆಮನೆಯೆಂದ ಮೇಲೆ ಹೋಮ, ಒಲೆ, ಚಪ್ಪರ, ಬಟ್ಟೆಯ ಅಲಂಕಾರ, ಜನಸಂದಣಿ. ಫೆಬ್ರವರಿಯೆಂದರೆ ಒಣಹವೆ. ಇದರ ಜೊತೆಗೆ ತೊಂಬತ್ತು ವರ್ಷ ಒಣಗಿದ ಮರ! ಇವುಗಳಲ್ಲಿ ಯಾವುದೂ ಒಂದೊಂದಾಗಿ ಅಪಾಯವೆಂದು ಯಾರಿಗೂ ಅನ್ನಿಸಿರಲಾರದು. ಅನಾಹುತಗಳು ಹೆಚ್ಚಾಗಿ ಹೀಗೆಯೇ ಬರುತ್ತವೆ. ಐದಾರು ಸಣ್ಣ ಸಂಗತಿಗಳು ಒಂದೇ ಗಳಿಗೆಯಲ್ಲಿ ಒಂದೆಡೆ ಸೇರಬೇಕು, ಅಷ್ಟೆ.

ಮರುದಿನ ಬೆಳಿಗ್ಗೆ ಟಿಕೆಟ್ ಕೊಂಡು ಅರಮನೆಯೊಳಗೆ ಹೋದಾಗ ಮೊಮ್ಮಗಳನ್ನು ಕಲ್ಯಾಣಮಂಟಪದ ಕಂಬವೊಂದರ ಎದುರು ನಿಲ್ಲಿಸಿ, ‘ಇದು ಯಾವುದರಿಂದ ಮಾಡಿದ್ದು ಹೇಳು’ ಎಂದೆ. ‘ಮರ’ ಎಂದಳು. ಅಲ್ಲ, ಎರಕದ ಕಬ್ಬಿಣ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಎರಕಹೊಯ್ದು ಹಡಗಿನಲ್ಲಿ ತಂದ ಕಂಬಗಳು. ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ. ಯಾವ ಮನೆತನದ ಮದುವೆಯಲ್ಲಿ ಮರದ ಮನೆ ಉರಿಯಿತೋ ಅದೇ ಮನೆತನ ಹೊಸ ಮದುವೆ ಮಂಟಪವನ್ನು ಕಬ್ಬಿಣ, ಕಲ್ಲು, ಗಾಜಿನಲ್ಲಿ ಕಟ್ಟಿಸಿತು. ಮರವನ್ನು ಪೂರ್ತಿ ಬಿಡಲಿಲ್ಲ. ಕೆತ್ತನೆಯ ಬಾಗಿಲುಗಳಿವೆ, ತೇಗದ ಚಾವಣಿಗಳಿವೆ. ಆದರೆ ಕಟ್ಟಡದ ಭಾರ ಹೊರುವ ಕೆಲಸ ಮರದ ಪಾಲಿಗಿಲ್ಲ.

ಅಷ್ಟೇ ಮುಖ್ಯವಾದದ್ದು ತಾಳ್ಮೆ. ಅದೇ 1897ರಲ್ಲಿ ಕೆಲಸ ಶುರುವಾಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್, ಸಿಮ್ಲಾದ ವೈಸರಾಯ್ ನಿವಾಸವನ್ನು ರೂಪಿಸಿದವರು. ಮುಗಿದದ್ದು 1912ರಲ್ಲಿ. ಖರ್ಚು 41 ಲಕ್ಷ ರೂಪಾಯಿಗೂ ಹೆಚ್ಚು. ಹದಿನೈದು ವರ್ಷ! ಅಷ್ಟರಲ್ಲಿ ರಾಜಮನೆತನ ಜಗನ್ಮೋಹನ ಅರಮನೆಯಲ್ಲಿ ಕಾಲ ಕಳೆಯಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಡಲು ಲಾರ್ಡ್ ಕರ್ಜನ್ ಬಂದಾಗಲೂ ಸಮಾರಂಭ ನಡೆದದ್ದು ಅಲ್ಲಿಯೇ. ಮೊದಲ ಸಲ ಆತುರದಲ್ಲಿ ಕಟ್ಟಿದ್ದನ್ನು ಎರಡನೆಯ ಸಲ ಅವಸರವಿಲ್ಲದೆ ಕಟ್ಟಿದರು.

ಓಣಿಗಳು ಅಗಲವಾದ ಕಥೆ

ಅರಮನೆ ಸುಟ್ಟ ಮರುವರ್ಷವೇ, 1898ರಲ್ಲಿ, ಪ್ಲೇಗು ಬಂತು. ಇಲಿ ಬಿತ್ತೆಂದರೆ ಮನೆ ಬಿಡಬೇಕು. ಊರ ಹೊರಗೆ ತಗಡು, ಸೋಗೆಯ ಶೆಡ್ಡುಗಳು. ಜ್ವರ ಬಂದವರನ್ನು ಮುಟ್ಟಲೂ ಭಯ. ನನ್ನ ಅಜ್ಜಿಗೆ ಅವರ ತಾಯಿ ಹೇಳಿದ್ದ ಪ್ಲೇಗಿನ ಕಥೆಗಳನ್ನು ಕೇಳಿಕೊಂಡೇ ನಾವು ಬೆಳೆದೆವು.

ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದ. ಇಲಿಯ ಮೈಮೇಲಿನ ಚಿಗಟ ರೋಗ ಹರಡುತ್ತದೆ ಎಂದು ಪಾಲ್ ಲೂಯಿ ಸಿಮೋಂ ಭಾರತದಲ್ಲೇ ತೋರಿಸಿಕೊಟ್ಟದ್ದು 1898ರಲ್ಲಿ. ಆದರೆ ವಿಜ್ಞಾನಿಗೆ ತಿಳಿದದ್ದು ಓಣಿಯ ಮನೆಗೆ ತಲುಪಲು ಕಾಲ ಬೇಕು. ಆ ಕಾಲದ ಮೈಸೂರಿನಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಬೆಳಕಿಲ್ಲದ ಕೋಣೆಗಳು, ತೆರೆದ ಚರಂಡಿಗಳು. ಇಲಿಗಳಿಗೆ ಇದಕ್ಕಿಂತ ಒಳ್ಳೆಯ ಊರು ಬೇರೆ ಬೇಕೆ?

ಇಲ್ಲಿ ಊರು ಒಂದು ದೊಡ್ಡ ಕೆಲಸ ಮಾಡಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ, ಜನರ ಬಾಯಲ್ಲಿ ‘ಟ್ರಸ್ಟ್ ಬೋರ್ಡ್’, ಹುಟ್ಟಿತು. ಇಕ್ಕಟ್ಟಿನ ಓಣಿಗಳನ್ನು ಬಿಡಿಸಿ ರಸ್ತೆ ಅಗಲ ಮಾಡುವುದು, ಚರಂಡಿ ಹಾಕುವುದು, ಊರಾಚೆ ಅಚ್ಚುಕಟ್ಟಾದ ಬಡಾವಣೆಗಳನ್ನು ಮಾಡಿ ನಿವೇಶನ ಹಂಚುವುದು ಅದರ ಕೆಲಸವಾಯಿತು. ಮಧ್ಯಾಹ್ನ ಲಕ್ಷ್ಮೀಪುರದ ಹಳೆಯ ಬೀದಿಯೊಂದರಲ್ಲಿ ನಡೆಯುತ್ತಾ ಎರಡು ಸಾಲು ಮನೆಗಳ ಹಿತ್ತಿಲ ನಡುವಿನ ಕಿರುದಾರಿಯನ್ನು ಮೊಮ್ಮಗಳಿಗೆ ತೋರಿಸಿದೆ. ಮೈಸೂರಿನವರು ಇದನ್ನು ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಮನೆಯ ಹಿಂದಿನಿಂದಲೇ ಕೊಳೆ ತೆಗೆದುಕೊಂಡು ಹೋಗಲು ಬಿಟ್ಟ ದಾರಿ. ಅಂದು ಆ ಕೆಲಸವನ್ನು ಮನುಷ್ಯರ ತಲೆಯ ಮೇಲೆ ಹೊರಿಸಿದ್ದೆವು ಎಂಬುದನ್ನೂ ಅವಳಿಗೆ ಹೇಳದೆ ಬಿಡಲಿಲ್ಲ. ನಮ್ಮ ಊರು ಕಲಿತ ಪಾಠದ ಭಾರವನ್ನು ಹೊತ್ತವರು ಅವರು.

‘ಈಗ ಇಲ್ಲಿ ಸ್ಕೂಟರ್ ನಿಲ್ಲಿಸಿದ್ದಾರಲ್ಲ ತಾತ?’ ಎಂದಳು. ಸ್ಕೂಟರಷ್ಟೇ ಅಲ್ಲ, ಒಡೆದ ಟೈಲ್ಸು, ಹಳೆಯ ಕಮೋಡು, ಕಸದ ಚೀಲ ಎಲ್ಲ ಇದ್ದವು. ಏಕೆ ಬಿಟ್ಟ ಜಾಗ ಎನ್ನುವುದನ್ನು ಮರೆತ ಮೇಲೆ ಅದು ಸುಮ್ಮನೆ ಖಾಲಿ ಜಾಗವಾಗಿ ಕಾಣುತ್ತದೆ. ಖಾಲಿ ಜಾಗವನ್ನು ನಾವು ಸುಮ್ಮನೆ ಬಿಡುವವರಲ್ಲ.

ಅದೇ ರಾಜಮನೆತನದಲ್ಲಿ ಕ್ಷಯರೋಗಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ 1921ರಲ್ಲಿ ಕ್ಷಯರೋಗ ಆಸ್ಪತ್ರೆ ಸ್ಥಾಪನೆಯಾಯಿತು. ಊರಿನವರು ಇಂದಿಗೂ ಅದನ್ನು ‘ಪಿ.ಕೆ.ಟಿ.ಬಿ. ಆಸ್ಪತ್ರೆ’ ಎಂದೇ ಕರೆಯುತ್ತಾರೆ. ಮನೆಯ ದುಃಖವೊಂದು ಸಾವಿರಾರು ರೋಗಿಗಳಿಗೆ ಹಾಸಿಗೆಯಾಯಿತು.

ಯಾರೂ ನೋಡದ ಬಿರುಕು

ಅರಮನೆಯಿಂದ ನಡೆದೇ ಹೋಗುವಷ್ಟು ದೂರದಲ್ಲಿದೆ ಲ್ಯಾನ್ಸ್‌ಡೌನ್ ಕಟ್ಟಡ. 1892ರದು. ಉದ್ದನೆಯ ಕಮಾನುಗಳ ಸಾಲು, ಕೆಳಗೂ ಮೇಲೂ ಅಂಗಡಿಗಳು. ನಾವು ಓದುವಾಗ ಪುಸ್ತಕಕ್ಕೂ ಪೆನ್ನಿಗೂ ಆ ಕಮಾನುಗಳ ನೆರಳಿಗೇ ಹೋಗುತ್ತಿದ್ದದ್ದು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳು ಖಾಲಿಯಾದವು. ನಾಲ್ಕು ವರ್ಷ ಕಳೆದು 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಭಾಗ ಬಿದ್ದಿತು. ಪುಣ್ಯಕ್ಕೆ ಅಲ್ಲಿ ಯಾರೂ ಸಾಯಲಿಲ್ಲ. ಕಟ್ಟಡಗಳನ್ನು ಕೆಡವಬೇಕೋ ಉಳಿಸಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು.

ಆ ವಾದ ತಜ್ಞರಿಗಿರಲಿ. ನಾನು ಮೊಮ್ಮಗಳಿಗೆ ತೋರಿಸಿದ್ದು ಹಳೆಯ ಕಟ್ಟಡವೊಂದರ ಗೋಡೆಯಲ್ಲಿ ಬೇರುಬಿಟ್ಟಿದ್ದ ಅರಳಿಯ ಸಸಿಯನ್ನು. ಸುಣ್ಣದ ಗಾರೆಯ ಗೋಡೆ ಸಾವಧಾನದ ಗೋಡೆ. ವರ್ಷ ವರ್ಷ ನೋಡಿಕೊಂಡರೆ ನೂರಾರು ವರ್ಷ ಬಾಳುತ್ತದೆ. ನೋಡದಿದ್ದರೆ ಹಕ್ಕಿ ಹಾಕಿದ ಬೀಜ ಬಿರುಕಿನಲ್ಲಿ ಮೊಳೆಯುತ್ತದೆ. ಬೇರು ಬಿರುಕನ್ನು ಹಿಗ್ಗಿಸುತ್ತದೆ. ಹಿಗ್ಗಿದ ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ. ನೀರು ಕುಡಿದ ಮರದ ತೊಲೆ ಒಳಗೊಳಗೇ ಲಡ್ಡಾಗುತ್ತದೆ. ಮೇಲೆ ಮಾತ್ರ ಹೊಸ ಬಣ್ಣ! ಬೆಂಕಿಯಂತೆ ಇದು ಒಂದು ಗಂಟೆಯಲ್ಲಿ ಆಗುವ ಅನಾಹುತವಲ್ಲ. ಹತ್ತಿಪ್ಪತ್ತು ವರ್ಷ ನಿಧಾನವಾಗಿ ಆಗಿ, ಒಂದು ಮಧ್ಯಾಹ್ನ ಕಣ್ಣಿಗೆ ಬೀಳುತ್ತದೆ. ಮೊದಲ ವರ್ಷ ಆ ಸಸಿಯನ್ನು ಕೀಳಲು ಎರಡು ಬೆರಳು ಸಾಕಿತ್ತು.

ಹಾಗೆಂದು ಎಲ್ಲ ಹಳೆಯ ಕಟ್ಟಡಗಳ ಗತಿಯೂ ಇದೇ ಅಲ್ಲ. ಯಾರ ಮದುವೆಯಲ್ಲಿ ಅರಮನೆ ಸುಟ್ಟಿತೋ ಆ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮೀವಿಲಾಸ ಮಾನಸಗಂಗೋತ್ರಿಯ ಆವರಣದಲ್ಲಿದೆ. ಜಾನಪದ ವಸ್ತುಸಂಗ್ರಹಾಲಯಕ್ಕೆ ಮನೆಯಾದ ಈ ಭವನ ಶಿಥಿಲವಾಗಿದ್ದಾಗ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರವಾಯಿತು. ಕೈಹಾಕಿದರೆ ಉಳಿಸಬಹುದು.

ಫೆಬ್ರವರಿ 8

ಮಾನಸಗಂಗೋತ್ರಿಯಿಂದ ಹುಣಸೂರು ರಸ್ತೆಗೆ ಬಂದೆವು. ಇಲ್ಲಿಯ ಜಯಲಕ್ಷ್ಮೀಪುರದಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು. ಕನ್ನಡ ಚಿತ್ರರಂಗದ ಎಷ್ಟೋ ಚಿತ್ರಗಳು ಇಲ್ಲಿ ತಯಾರಾದವು. ಈಗ ಸ್ಟುಡಿಯೋ ಇಲ್ಲ.

1989ರ ಫೆಬ್ರವರಿ 8ರಂದು ಇಲ್ಲಿ ಟಿಪ್ಪುಸುಲ್ತಾನನ ಕುರಿತ ಟೆಲಿವಿಷನ್ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಬೆಂಕಿ ಬಿತ್ತು. 62 ಜನ ಸತ್ತರು. ನಟ, ನಿರ್ದೇಶಕ ಸಂಜಯ್ ಖಾನ್ ತೀವ್ರವಾಗಿ ಸುಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸಡಿಲವಾದ ವೈರಿಂಗು, ಗಾಳಿ ಹೊರಹೋಗಲು ಸರಿಯಾದ ಕಿಂಡಿಗಳಿಲ್ಲದ ಫ್ಲೋರು, ಪ್ರತಿಧ್ವನಿ ತಡೆಯಲು ಗೋಡೆಗೆ ಹೊದಿಸಿದ್ದ ಗೋಣಿತಾಟು, ಕಾವೇರಿಸುವ ದೊಡ್ಡ ದೀಪಗಳು, ಬೆಂಕಿ ಆರಿಸಲು ಮರಳು ಮತ್ತು ನೀರಿನ ಬಕೆಟ್ಟುಗಳು: ಆಮೇಲೆ ಹೊರಬಂದ ಸಂಗತಿಗಳಿವು. ಮತ್ತೆ ನೋಡಿ, ಒಂದೇ ಕಾರಣವಲ್ಲ. ಅರಮನೆಯ ಬೆಂಕಿಯಿಂದ ತೊಂಬತ್ತೆರಡು ವರ್ಷ ಕಳೆದಿತ್ತು. ಅದೇ ಊರು. ಬೇಗ ಹೊತ್ತುವ ವಸ್ತು, ಉರಿ, ಜನಸಂದಣಿ ಮತ್ತೆ ಒಂದೆಡೆ ಸೇರಿದ್ದವು.

ಆ ವಾರ ಮೈಸೂರಿನಲ್ಲಿ ಬೇರೆ ಮಾತೇ ಇರಲಿಲ್ಲ. ನಾನಾಗ ಹತ್ತಿರದ ಊರೊಂದರ ಶಾಲೆಯಲ್ಲಿ ಮೇಷ್ಟರು. ಪತ್ರಿಕೆಯನ್ನು ತರಗತಿಗೆ ಒಯ್ದು, ವರದಿ ಓದಿ, ಎಚ್ಚರಿಕೆಯ ಬಗ್ಗೆ ಒಂದು ಪೀರಿಯಡ್ಡು ಪಾಠ ಮಾಡಿದೆ. ಮಕ್ಕಳು ಶ್ರದ್ಧೆಯಿಂದ ಕೇಳಿದರು. ನನಗೂ ತೃಪ್ತಿಯಾಯಿತು.

ಇದಾಗಿ ಎರಡು ವರ್ಷಕ್ಕೆ ನಮ್ಮ ಶಾಲೆಯ ವಾರ್ಷಿಕೋತ್ಸವ. ಶಿಸ್ತಿನ ಜವಾಬ್ದಾರಿ ನನ್ನದು. ಹುಡುಗರು ಕಾರ್ಯಕ್ರಮದ ಮಧ್ಯೆ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುತ್ತಾರೆಂದು ನಾನೇ ಆ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ಜೇಬಿಗಿಳಿಸಿದೆ. ನೃತ್ಯದ ನಡುವೆ ಫೋಕಸ್ ದೀಪದ ಕಾವಿಗೆ ಬಣ್ಣದ ಕಾಗದ ಹೊತ್ತಿಕೊಂಡು ಪರದೆಗೆ ಹರಡಿತು. ಹಿಂದೆ ಕುಳಿತಿದ್ದ ಮಕ್ಕಳು ತಮಗೆ ಗೊತ್ತಿದ್ದ ಬಾಗಿಲಿಗೇ ಓಡಿದರು. ಬೀಗ! ನಾನು ಓಡಿಹೋಗಿ ಬೀಗದ ಕೈ ತೆಗೆದರೆ ಕೈ ನಡುಗುತ್ತಿದೆ, ಕೀಲಿ ತೂತಿಗೆ ಸೇರುತ್ತಿಲ್ಲ. ಅಷ್ಟರಲ್ಲಿ ನಮ್ಮ ಜವಾನರು ವೇದಿಕೆಗೆ ಹಾರಿ ಪರದೆಯನ್ನು ಕಿತ್ತು ಕೆಳಗೆ ಹಾಕಿ ತುಳಿದು ಆರಿಸಿದ್ದರು. ನೂಕುನುಗ್ಗಲಿನಲ್ಲಿ ಬಿದ್ದ ಒಬ್ಬ ಹುಡುಗಿಯ ಕೈ ಮುರಿಯಿತು. ಅಷ್ಟಕ್ಕೇ ಮುಗಿಯಿತು.

ನನ್ನನ್ನು ಯಾರೂ ಬೈಯಲಿಲ್ಲ. ಆ ಹುಡುಗಿಯ ತಂದೆ ಸಹ ‘ದೇವರು ದೊಡ್ಡವನು ಮೇಷ್ಟ್ರೇ’ ಎಂದರು. ಪ್ರೀಮಿಯರ್ ಸ್ಟುಡಿಯೋದ ಪಾಠ ಮಾಡಿದವನೇ ನಾನು; ಬೀಗ ಹಾಕಿದವನೂ ನಾನೇ. ಓದಿದ್ದು, ಹೇಳಿದ್ದು ಎಲ್ಲ ಇನ್ನೊಬ್ಬರ ಕಥೆಯೆಂದು ತಲೆಯಲ್ಲಿತ್ತು. ನನ್ನ ಕೈಯಲ್ಲಿದ್ದ ಬೀಗಕ್ಕೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. ಇಷ್ಟು ವರ್ಷ ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಂದು ಹುಣಸೂರು ರಸ್ತೆಯ ಪಕ್ಕದಲ್ಲಿ ಎಳನೀರು ಕುಡಿಯುತ್ತಾ ಮೊಮ್ಮಗಳಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಆ ಹುಡುಗಿ ಕೈ ಸರಿ ಹೋಯ್ತಾ ತಾತ?’ ಎಂದು ಮಾತ್ರ ಕೇಳಿದಳು. ಸರಿಹೋಯಿತು.

ಎಲ್ಲೆಡೆ ಅಷ್ಟಕ್ಕೇ ಮುಗಿದಿಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ 94 ಮಕ್ಕಳು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ. ಮೊಮ್ಮಗಳು ಬೆರಳೆಣಿಸಿ, ‘ತಾತ, ಅರಮನೆ ಸೇರಿಸಿದ್ರೆ ನಾಲ್ಕು ಫೆಬ್ರವರಿ’ ಎಂದಳು. ತಿಂಗಳಿಗೆ ಶಾಪವೇನೂ ಇಲ್ಲ, ಜೂನು ಜುಲೈನಲ್ಲೂ ಬೆಂಕಿ ಬಿದ್ದಿದೆಯಲ್ಲ ಎಂದೆ. ಆದರೆ ಒಣಹವೆಯ ಕಾಲ, ಮದುವೆಗಳ ಕಾಲ, ಶಾಲಾ ವಾರ್ಷಿಕೋತ್ಸವಗಳ ಕಾಲ. ಇನ್ನಷ್ಟು ಎಚ್ಚರವಿದ್ದರೆ ನಷ್ಟವೇನು?

ಬೆಟ್ಟದ ಮೇಲಿನಿಂದ

ಸಂಜೆ ಚಾಮುಂಡಿಬೆಟ್ಟಕ್ಕೆ ಹೋದೆವು. 2021ರ ಅಕ್ಟೋಬರ್, ನವೆಂಬರಿನ ಮಳೆಯಲ್ಲಿ ನಂದಿಗೆ ಹೋಗುವ ರಸ್ತೆ ಕುಸಿದಿತ್ತು. ಬೆಟ್ಟದ ಮೇಲೆ ಬಿದ್ದ ನೀರಿಗೆ ಇಳಿಯಲು ದಾರಿ ಬೇಕು. ನಾವು ಕೊಡದಿದ್ದರೆ ಅದು ತಾನೇ ಮಾಡಿಕೊಳ್ಳುತ್ತದೆ. ಮೇಲಿನಿಂದ ಊರು ನೋಡುವಾಗ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನವನ್ನು ತೋರಿಸಿದೆ. ‘ಕೆರೆ ಎಲ್ಲಿ?’ ಎಂದಳು. ಹೆಸರಿನಲ್ಲಿ ಮಾತ್ರ ಉಳಿದಿದೆ. ಒಂದು ಕಾಲಕ್ಕೆ ನಿಂತ ನೀರೆಂದರೆ ರೋಗದ ತವರೆಂಬ ಭಯವಿತ್ತು. ಇಂದು ಕೆರೆಯಿಲ್ಲದ ಊರಿನ ಕಷ್ಟ ತಿಳಿಯುತ್ತಿದೆ. ಒಂದು ಕಾಲದ ಪರಿಹಾರವನ್ನು ಇನ್ನೊಂದು ಕಾಲ ಮತ್ತೆ ಪರೀಕ್ಷಿಸಿ ನೋಡಬೇಕಾಗುತ್ತದೆ.

ತಂದೆ ತಾಯಿಯರಲ್ಲಿ ನನ್ನದೊಂದು ಕೋರಿಕೆ. ಮಕ್ಕಳಿಗೆ ಇಸವಿಗಳನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಚಿತ್ರಮಂದಿರ, ಕಲ್ಯಾಣಮಂಟಪ, ಟ್ಯೂಷನ್ ಕೋಣೆ, ಎಲ್ಲಿಗೆ ಹೋದರೂ ಬಂದ ಬಾಗಿಲಲ್ಲದೆ ಇನ್ನೊಂದು ಬಾಗಿಲು ಎಲ್ಲಿದೆ, ಅದು ತೆರೆಯುತ್ತದೆಯೇ ಎಂದು ಒಮ್ಮೆ ನೋಡುವ ಅಭ್ಯಾಸ ಮಾಡಿಸಿ. ಹೊಗೆ ತುಂಬಿದರೆ ಬಗ್ಗಿ ನಡೆಯಬೇಕು, ಬೆಂಕಿ ಬಿದ್ದಾಗ ಲಿಫ್ಟು ಹತ್ತಬಾರದು, ಬ್ಯಾಗು ಚಪ್ಪಲಿಗೆಂದು ಹಿಂದಿರುಗಬಾರದು ಎಂದು ಹೇಳಿಕೊಡಿ. ಶಾಲೆಯ ಸಭೆಗೆ ಹೋದಾಗ ಅಂಕಗಳ ಜೊತೆಗೆ ಬಾಗಿಲುಗಳ ಬಗ್ಗೆಯೂ ಒಂದು ಮಾತು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಕೇಳಿಸಿಕೊಳ್ಳುವ ಮೇಷ್ಟರಲ್ಲಿ ನನ್ನಂಥವನೊಬ್ಬ ಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡಿರಬಹುದು.

ಮೊಮ್ಮಗಳು ಬೆಂಗಳೂರಿಗೆ ಹಿಂದಿರುಗಿದ ವಾರದಲ್ಲಿ ಫೋನ್ ಮಾಡಿದಳು.

‘ತಾತ, ನಮ್ಮ ಸ್ಕೂಲ್ ಹಾಲ್‌ಗೆ ನಾಲ್ಕು ಬಾಗಿಲು. ಎರಡರ ಮುಂದೆ ಬೆಂಚು ಪೇರಿಸಿಟ್ಟಿದ್ದಾರೆ.’

‘ಯಾರಿಗಾದರೂ ಹೇಳಿದೆಯಾ?’

‘ಹೆಡ್ ಮಿಸ್‌ಗೆ ಹೇಳಿದೆ. ತೆಗೆಸ್ತೀನಿ ಅಂದ್ರು.’

‘ತೆಗೆಸಿದರಾ?’

‘ಗೊತ್ತಿಲ್ಲ. ಸೋಮವಾರ ಹೋಗಿ ನೋಡ್ತೀನಿ’ ಎಂದಳು.